ಮೂರು ದಿನ, ಒಂದು ತಕ್ಕಡಿ, ಒಂದು ನೋಟ್‌ಬುಕ್: ನಾವು ನಿಜವಾಗಿ ಎಷ್ಟು ತಿಂತೀವಿ ಅಂತ ತಿಳಿಯುವುದು ಹೇಗೆ?

"ಊಟಕ್ಕೆ ಏನು ತಿಂತೀರಿ?" ಅಂತ ನಮ್ಮ ವಿಜಯಪುರದಲ್ಲಿ ಯಾರನ್ನೇ ಕೇಳಿ. "ಎರಡು ರೊಟ್ಟಿ, ಪಲ್ಲೆ, ಒಂಚೂರು ಅನ್ನ, ಮಜ್ಜಿಗೆ" ಅನ್ನುತ್ತಾರೆ. ನಾನೂ ಡಾಕ್ಟರ ಮುಂದೆ ಹಾಗೇ ಹೇಳಿದ್ದೆ. ಸುಳ್ಳು ಹೇಳಬೇಕು ಅಂತ ಅಲ್ಲ, ನೆನಪಿದ್ದದ್ದೇ ಅಷ್ಟು. ಆಮೇಲೆ ಮೂರು ದಿನ ಕೂತು ಬರೆದಾಗ ಗೊತ್ತಾಯಿತು: ರೊಟ್ಟಿಗೆ ಹಚ್ಚಿಕೊಂಡ ಶೇಂಗಾ ಚಟ್ನಿ, ಅದರ ಮೇಲೆ ಸುರಿದುಕೊಂಡ ಹಸಿ ಎಣ್ಣೆ, ದಿನಕ್ಕೆ ಐದು ಸಲದ ಚಹಾ, ಸಂಜೆಯ ಚುರಮುರಿ, ಮಿರ್ಚಿ ಭಜಿ, ಇದ್ಯಾವುದೂ ನನ್ನ ಉತ್ತರದಲ್ಲಿ ಇರಲೇ ಇಲ್ಲ.

ಇದು ನನ್ನೊಬ್ಬನ ಕಥೆಯಲ್ಲ. 1992ರಲ್ಲಿ ನ್ಯೂಯಾರ್ಕಿನ ಸಂಶೋಧಕರು, ಎಷ್ಟು ಕಡಿಮೆ ತಿಂದರೂ ತೂಕ ಇಳಿಯುತ್ತಿಲ್ಲ ಅನ್ನುತ್ತಿದ್ದ 10 ಜನರನ್ನು ಪರೀಕ್ಷಿಸಿದರು. ಅವರು ತಿಂದದ್ದಕ್ಕಿಂತ ಸರಾಸರಿ 47% ಕಡಿಮೆ ಬರೆದಿದ್ದರು. ಅವರ ದೇಹ ಶಕ್ತಿ ಉರಿಸುವುದರಲ್ಲಿ ಏನೂ ಕೊರತೆ ಇರಲಿಲ್ಲ. ಇದನ್ನು ಪತ್ತೆ ಹಚ್ಚುವ ವಿಧಾನ ಬಹಳ ಚೆಂದ ಇದೆ. ಭಾರವಾದ ಹೈಡ್ರೋಜನ್, ಭಾರವಾದ ಆಮ್ಲಜನಕ ಇರುವ ನೀರು ಕುಡಿಸುತ್ತಾರೆ. ಹೈಡ್ರೋಜನ್ ಮೂತ್ರ, ಬೆವರಿನಂಥ ನೀರಿನ ಜೊತೆ ಹೊರಗೆ ಹೋಗುತ್ತದೆ. ಆಮ್ಲಜನಕ ನೀರಿನ ಜೊತೆಗೂ ಹೋಗುತ್ತದೆ, ನಾವು ಬಿಡುವ ಉಸಿರಿನ ಇಂಗಾಲದ ಡೈಆಕ್ಸೈಡ್ ಜೊತೆಗೂ ಹೋಗುತ್ತದೆ. ಎರಡರ ವ್ಯತ್ಯಾಸ ಹಿಡಿದರೆ ದೇಹ ಎಷ್ಟು ಶಕ್ತಿ ಉರಿಸಿತು ಅಂತ ಲೆಕ್ಕ ಸಿಗುತ್ತದೆ. ತೂಕ ಬದಲಾಗದಿದ್ದರೆ ತಿಂದದ್ದೂ ಸುಮಾರು ಅಷ್ಟೇ. ಮನುಷ್ಯರ ಮೇಲೆ ಇದರ ಬಳಕೆ ಶುರುವಾದದ್ದು 1980ರ ದಶಕದಲ್ಲಿ. ಆ ನೀರು ನಮಗೆ ಸಿಗಲ್ಲ. ಆದರೆ ಅಡುಗೆ ಮನೆಯ ತಕ್ಕಡಿ ಸಿಗುತ್ತದೆ, ಅಲ್ವಾ?

ಮೊದಲು ದಿನ ಆರಿಸಿಕೊಳ್ಳಿ. ಎರಡು ಕೆಲಸದ ದಿನ, ಒಂದು ರಜೆಯ ದಿನ ಸಾಕು. ಸೋಮವಾರ ಒಪ್ಪತ್ತು ಮಾಡುವವರು ಅದನ್ನೂ ಸೇರಿಸಿಕೊಳ್ಳಿ, ಅದೂ ನಿಮ್ಮ ಊಟವೇ. ಗ್ರಾಂ ತೋರಿಸುವ ಡಿಜಿಟಲ್ ತಕ್ಕಡಿ ಒಂದು ಬೇಕು. ನಿಮ್ಮದೇ ಒಂದು ಬಟ್ಟಲು, ಒಂದು ಚಮಚೆ ಗುರುತು ಮಾಡಿ ಇಟ್ಟುಕೊಳ್ಳಿ, ಮೂರೂ ದಿನ ಅದೇ ಇರಲಿ.

ಎರಡನೆಯದು, ಜೋಳದ ರೊಟ್ಟಿಯ ಲೆಕ್ಕ. ರೊಟ್ಟಿ ತೂಗಬೇಡಿ, ಹಿಟ್ಟು ತೂಗಿ. ಬಿಸಿ ರೊಟ್ಟಿಯಲ್ಲಿ ನೀರು ಜಾಸ್ತಿ, ಕಟಕ ರೊಟ್ಟಿಯಲ್ಲಿ ಕಡಿಮೆ, ಹಾಗಾಗಿ ರೊಟ್ಟಿಯ ತೂಕ ಮೋಸ ಮಾಡುತ್ತದೆ. ನಮ್ಮ ಅವ್ವ ಮೊದಲ ದಿನ "ಉಣ್ಣೂದು ಬಿಟ್ಟು ತೂಗೂದೇನೋ ಇದು?" ಅಂದಳು. ಎರಡನೇ ದಿನ ತಾನೇ ಹಿಟ್ಟು ತೂಗಿ ಕೊಟ್ಟಳು. 1 ಕಿಲೋ ಹಿಟ್ಟಿನಲ್ಲಿ 16 ರೊಟ್ಟಿ ಆದರೆ ಒಂದಕ್ಕೆ ಸುಮಾರು 62 ಗ್ರಾಂ ಹಿಟ್ಟು. ಬಡಿಯಲು ಉದುರಿಸಿದ ಒಣ ಹಿಟ್ಟೂ ಆ ಕಿಲೋದಲ್ಲೇ ಸೇರಿರಲಿ.

ಈಗ ಕೋಷ್ಟಕ ಬೇಕು. ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆ 2017ರಲ್ಲಿ 528 ಬಗೆಯ ಭಾರತೀಯ ಆಹಾರಗಳ ಪೋಷಕಾಂಶದ ಕೋಷ್ಟಕ ಪ್ರಕಟಿಸಿದೆ. ಒಂದು ಎಚ್ಚರ: ಅದರಲ್ಲಿ ಶಕ್ತಿಯನ್ನು ಕಿಲೋಜೌಲ್‌ನಲ್ಲಿ ಕೊಟ್ಟಿದ್ದಾರೆ, 4.18ರಿಂದ ಭಾಗಿಸಿದರೆ ನಮಗೆ ಗೊತ್ತಿರುವ ಕ್ಯಾಲೊರಿ ಬರುತ್ತದೆ. 100 ಗ್ರಾಂ ಜೋಳಕ್ಕೆ ಸುಮಾರು 334 ಕ್ಯಾಲೊರಿ, 10 ಗ್ರಾಂ ಪ್ರೋಟೀನ್, 10 ಗ್ರಾಂ ನಾರು. ಅಂದರೆ ಮೇಲಿನ ಲೆಕ್ಕದ ಒಂದು ರೊಟ್ಟಿ ಸುಮಾರು 207 ಕ್ಯಾಲೊರಿ. ಪಾಲಿಶ್ ಮಾಡಿದ ಅಕ್ಕಿಯ ಕ್ಯಾಲೊರಿ ಇದಕ್ಕಿಂತ ತುಸು ಹೆಚ್ಚು, ಅಷ್ಟೇ. ಆದರೆ ನಾರು ನೋಡಿ, 3 ಗ್ರಾಂ ಕೂಡ ಇಲ್ಲ. ರೊಟ್ಟಿ ಬಿಟ್ಟು ಅನ್ನಕ್ಕೆ ಹೊರಳುತ್ತಿರುವ ಮನೆಗಳು ಈ ಸಾಲನ್ನು ಎರಡು ಸಲ ಓದಬೇಕು ಅಂತ ನನ್ನ ಆಸೆ.

ಪಲ್ಲೆ ಸ್ವಲ್ಪ ಕಷ್ಟ, ಯಾಕೆಂದರೆ ಒಂದೇ ಪಾತ್ರೆಯಿಂದ ಎಲ್ಲರೂ ಬಡಿಸಿಕೊಳ್ಳುತ್ತಾರೆ. ಬದನೆಕಾಯಿ ಎಣ್ಣೆಗಾಯಿ ಮಾಡುತ್ತೀರಿ ಅಂದುಕೊಳ್ಳಿ. ಬದನೆಕಾಯಿ, ಶೇಂಗಾ ಪುಡಿ, ಎಣ್ಣೆ ಎಲ್ಲವನ್ನೂ ಹಸಿಯಾಗಿದ್ದಾಗಲೇ ಅಳೆದು ಬರೆಯಿರಿ. ಆದ ಮೇಲೆ ಪಾತ್ರೆಯ ತೂಕ ಕಳೆದು ಒಟ್ಟು ಪಲ್ಲೆ ತೂಗಿ. ಒಟ್ಟು 800 ಗ್ರಾಂ ಆಗಿ, ನೀವು 200 ಗ್ರಾಂ ಬಡಿಸಿಕೊಂಡರೆ ಹಾಕಿದ್ದರಲ್ಲಿ ಕಾಲು ಭಾಗ ನಿಮ್ಮದು. ನಾಲ್ಕು ದೊಡ್ಡ ಚಮಚೆ ಎಣ್ಣೆ ಹಾಕಿದ್ದರೆ ನಿಮ್ಮ ತಾಟಿಗೆ ಒಂದು ಬಂತು. ಅದು ಸುಮಾರು 120 ಕ್ಯಾಲೊರಿ. ಒಂದು ಗ್ರಾಂ ಕೊಬ್ಬಿಗೆ 9 ಕ್ಯಾಲೊರಿ, ಪ್ರೋಟೀನಿಗೂ ಪಿಷ್ಟಕ್ಕೂ ತಲಾ 4. ಅಮೆರಿಕದ ವಿಲ್ಬರ್ ಅಟ್‌ವಾಟರ್ 19ನೇ ಶತಮಾನದ ಕೊನೆಯಲ್ಲಿ ಮಾಡಿದ ಕೆಲಸದಿಂದ ಬಂದ ಈ ಲೆಕ್ಕವನ್ನೇ ಇವತ್ತಿಗೂ ಬಳಸುತ್ತಾರೆ.

ಎಲ್ಲಕ್ಕಿಂತ ಮುಖ್ಯ ಮಾತು: ತಿನ್ನುವ ಮುಂಚೆ ಬರೆಯಿರಿ, ರಾತ್ರಿ ನೆನಪು ಮಾಡಿಕೊಂಡು ಅಲ್ಲ. ಬಾಯಾಡಿಸಿದ್ದೇ ಮೊದಲು ಮರೆಯುವುದು. ಯಾರದೋ ಮನೆಯಲ್ಲಿ ಕೊಟ್ಟ ಅಮೀನಗಡದ ಕರದಂಟು, ಮಕ್ಕಳು ತಾಟಿನಲ್ಲಿ ಬಿಟ್ಟದ್ದು, ಅಂಗಡಿ ಮುಂದೆ ನಿಂತು ಕುಡಿದ ಚಹಾ. ಚಹಾದ ಸಕ್ಕರೆಯನ್ನಂತೂ ಒಮ್ಮೆ ತೂಗಲೇಬೇಕು. ಒಂದು ಕಪ್ಪಿಗೆ 10 ಗ್ರಾಂ ಆದರೆ ಐದು ಕಪ್ಪಿಗೆ 50 ಗ್ರಾಂ, 200 ಕ್ಯಾಲೊರಿ. ದಿನಕ್ಕೆ 2000 ಕ್ಯಾಲೊರಿ ತಿನ್ನುವವರು ಸಕ್ಕರೆಯಿಂದ ಬರುವ ಶಕ್ತಿಯನ್ನು ಹತ್ತನೇ ಒಂದು ಭಾಗಕ್ಕಿಂತ ಕೆಳಗಿಡಬೇಕು ಅನ್ನುತ್ತದೆ ವಿಶ್ವ ಆರೋಗ್ಯ ಸಂಸ್ಥೆ. ಆ ಮಿತಿ ಬರೀ ಚಹಾದಲ್ಲೇ ಮುಗಿದು ಹೋಯಿತು!

ಬರೆಯುತ್ತಿದ್ದೇವೆ ಅಂತ ಸುಮ್ನೆ ಕಡಿಮೆ ತಿನ್ನಬೇಡಿ. ಸಂಶೋಧನೆಗಳಲ್ಲೂ ಇದೇ ದೊಡ್ಡ ತೊಡಕು. ಬರೆಯಲು ಕೂತ ಕೂಡಲೇ ಜನರ ಊಟ ಬದಲಾಗಿಬಿಡುತ್ತದೆ. ದಿನಾ ಹೇಗೋ ಹಾಗೇ ಉಣ್ಣಿ. ಲೆಕ್ಕ ಹಾಕಿ ಹಾಕಿ ಊಟದ ಮೇಲೇ ಭಯ ಹುಟ್ಟುತ್ತಿದ್ದರೆ ಅಲ್ಲಿಗೇ ಬಿಟ್ಟುಬಿಡಿ.

ಸಕ್ಕರೆ ಕಾಯಿಲೆ ಇರುವವರು ಊಟದ ಹೊತ್ತು, ಮಾತ್ರೆ ತೆಗೆದುಕೊಂಡ ಹೊತ್ತು ಎರಡನ್ನೂ ಪಕ್ಕದಲ್ಲಿ ಬರೆದು ಡಾಕ್ಟರಿಗೆ ತೋರಿಸಿ. ಮಾತ್ರೆಯ ಪ್ರಮಾಣವನ್ನು ನೀವೇ ಬದಲಿಸಬೇಡಿ.

ಋತು ಬದಲಾದರೆ ಊಟವೂ ಬದಲಾಗುತ್ತದೆ, ಅದಕ್ಕೇ ಚಳಿಗಾಲದಲ್ಲಿ ಮತ್ತೆ ಮೂರು ದಿನ ಬರೆಯಿರಿ. ಹೊಲದಲ್ಲಿ ಕೂತು ಸೀತನಿ, ಅಂದರೆ ಸುಟ್ಟ ಎಳೆ ಜೋಳದ ಕಾಳು ತಿನ್ನುವ ದಿನವೂ ಅದರಲ್ಲಿರಲಿ. ತೆನೆ ತೂಗಬೇಡಿ, ಬಡಿದು ಬಿಡಿಸಿದ ಕಾಳು ತೂಗಿ. ಜೊತೆಗೆ ಕಲಸಿಕೊಂಡ ಶೇಂಗಾ ಹಿಂಡಿಯನ್ನೂ (ಚಟ್ನಿ ಪುಡಿ) ಮರೆಯಬೇಡಿ.