ಆಗಸ್ಟಲ್ಲಿ ಎಡಿನ್‌ಬರಾಕ್ಕೆ ಹೊರಟ ನಮ್ಮ ಊರಿನವರಿಗೆ: ಯಾವುದು ಬಯಲಾಟ, ಯಾವುದು ಡೇರೆ ಆಟ

ಮಕ್ಕಳು ಓದ್ಲಿಕ್ಕೆ ಅಂತ ಸ್ಕಾಟ್ಲೆಂಡಿಗೆ ಹೋಗಿರ್ತಾರೆ, ಹಿಂದಿನಿಂದ ಅಪ್ಪ ಅಮ್ಮ ಒಮ್ಮೆ ನೋಡಿ ಬರುವ ಅಂತ ಹೊರಡ್ತಾರೆ, ಹೊರಡುವ ಮೊದಲು ನಂಗೆ ಫೋನ್ ಬರ್ತದೆ. ಉಡುಪಿಯಲ್ಲಿ ನಮ್ಮ ಪರಿಚಯದವರದ್ದೇ ನಾಲ್ಕೈದು ಮನೆ ಆಯ್ತು ಹೀಗೆ. ಎಲ್ರದ್ದೂ ಒಂದೇ ಪ್ರಶ್ನೆ, ಅಲ್ಲಿ ಆಗಸ್ಟಲ್ಲಿ ಎಂತದ್ದೋ ದೊಡ್ಡ ಹಬ್ಬ ಉಂಟಂತೆ, ಟಿಕೆಟಿಗೆ ಎಷ್ಟಾಗ್ತದೆ ಮಾರಾಯ್ರೆ? ನಾನು ಮಗಳ ಹತ್ರ ಹನ್ನೆರಡು ದಿನ ಇದ್ದೆ, ನೋಡಿದ್ದು ಲೆಕ್ಕ ಹಾಕಿದ್ರೆ ಮೂವತ್ತರ ಹತ್ತಿರ ಪ್ರೋಗ್ರಾಮ್, ಟಿಕೆಟ್ ತಗೊಂಡದ್ದು ಎರಡಕ್ಕೆ ಮಾತ್ರ, ಅದ್ರಲ್ಲೂ ಒಂದು ದಂಡ. ಪ್ರತಿ ಸಲ ಫೋನಲ್ಲಿ ಅದನ್ನೇ ಹೇಳುವುದಕ್ಕಿಂತ ಒಮ್ಮೆ ಬರೆದಿಡುವ ಅಂತ ಕೂತದ್ದು.

ನಮ್ಮವರಿಗೆ ಇದು ಅರ್ಥ ಆಗ್ಲಿಕ್ಕೆ ಕಷ್ಟ ಇಲ್ಲ. ನಮ್ಮ ಯಕ್ಷಗಾನದ ಹರಕೆ ಆಟಕ್ಕೆ, ಅಂದ್ರೆ ಬಯಲಾಟಕ್ಕೆ, ಯಾರೂ ಟಿಕೆಟ್ ಕೇಳುವುದಿಲ್ಲ, ಸೇವೆ ಆಡಿಸುವವರು ಮೇಳಕ್ಕೆ ವೀಳ್ಯ ಕೊಟ್ಟಿರ್ತಾರೆ, ನಾವು ಚಾಪೆ ಹಿಡ್ಕೊಂಡು ಹೋಗಿ ಕೂತ್ರೆ ಆಯ್ತು. ಡೇರೆ ಮೇಳ ಆದ್ರೆ ಗೇಟಲ್ಲೇ ಟಿಕೆಟ್. ಎಡಿನ್‌ಬರಾದಲ್ಲಿಯೂ ಈ ಎರಡೂ ಉಂಟು, ಆದ್ರೆ ಎರಡೂ ಒಂದೇ ಬೀದಿಯಲ್ಲಿ ಅಕ್ಕಪಕ್ಕ, ಒಂದೇ ಥರ ಪೋಸ್ಟರು, ಹೊಸಬರಿಗೆ ಗೊತ್ತಾಗುವುದಿಲ್ಲ. ಅದೂ ಅಲ್ಲದೆ ನಮ್ಗೆ ಪತ್ತನಾಜೆ (ಮೇಳದ ತಿರುಗಾಟ ಮುಗಿಯುವ ದಿನ) ಆಗಿ ಮೇಳದವರೆಲ್ಲ ಗೆಜ್ಜೆ ಬಿಚ್ಚಿಟ್ಟು ಮಳೆ ನೋಡ್ತಾ ಕೂರುವ ಸಮಯಕ್ಕೇ ಅಲ್ಲಿ ಆಟ ಜೋರು, ಹಾಗಾಗಿ ಆಟದ ಮರುಳು ಇದ್ದವರು ಆಗಸ್ಟಲ್ಲೇ ಹೋಗಿ.

ಆಗಸ್ಟಲ್ಲಿ ಇರುವುದು ಒಂದು ಹಬ್ಬ ಅಲ್ಲ, ನಾಲ್ಕೈದು ಒಟ್ಟಿಗೆ. ಯುದ್ಧ ಮುಗಿದ ಮೇಲೆ 1947ರಲ್ಲಿ ಇಂಟರ್‌ನ್ಯಾಷನಲ್ ಫೆಸ್ಟಿವಲ್ ಅಂತ ದೊಡ್ಡ ದೊಡ್ಡ ಸಂಗೀತದವರನ್ನು, ನಾಟಕದವರನ್ನು ಕರ್ಸಿ ಶುರು ಮಾಡಿದ್ರು. ಆ ವರ್ಷವೇ ಎಂಟು ನಾಟಕ ತಂಡಗಳು ಯಾರೂ ಕರೀದೇ ಬಂದು, ಸಿಕ್ಕಿದ ಹಾಲಲ್ಲಿ ನಾಟಕ ಆಡಿದ್ವು. ಆ ಕರೆಯದೇ ಬಂದವರ ಹಬ್ಬವೇ ಈಗ ಫ್ರಿಂಜ್. ಈಗ ಕರೆದವರ ಹಬ್ಬಕ್ಕಿಂತ ಇದೇ ದೊಡ್ಡದು, ಮೂರು ವಾರ ಚಿಲ್ಲರೆ ನಡೀತದೆ, ಮೂರು ಸಾವಿರಕ್ಕಿಂತ ಜಾಸ್ತಿ ಶೋ. ಆಯ್ಕೆ ಸಮಿತಿ ಅಂತ ಒಂದು ಇಲ್ಲವೇ ಇಲ್ಲ, ಜಾಗ ಹಿಡಿದು ರಿಜಿಸ್ಟರ್ ಮಾಡಿದವ ಆಡ್ಬಹುದು. ಹಾಗಾಗಿ ಭಯಂಕರ ಒಳ್ಳೇದೂ ಉಂಟು, ಅರ್ಧಕ್ಕೆ ಎದ್ದು ಬರುವ ಅಂತ ಕಾಣುವಂಥದ್ದೂ ಉಂಟು. ನನ್ನ ದಂಡ ಆದ ಟಿಕೆಟ್ ಇಂಥದ್ದೇ, ಪೋಸ್ಟರ್ ನೋಡಿ ತಗೊಂಡದ್ದು, ಒಳಗೆ ಹೋದ್ರೆ ಒಬ್ಬ ಮನುಷ್ಯ ಒಂದು ಗಂಟೆ ಕುರ್ಚಿ ಹತ್ರ ಮಾತಾಡಿದ. ಕುರ್ಚಿ ಉತ್ತರ ಕೊಡ್ಲಿಲ್ಲ.

ಈ ಫ್ರಿಂಜಿನ ಒಳಗೇ ಫ್ರೀ ಫ್ರಿಂಜ್ ಅಂತ ಇನ್ನೊಂದು ಉಂಟು, ನಮ್ಗೆ ಬೇಕಾದ್ದು ಅದು. ಪೀಟರ್ ಬಕ್ಲಿ ಹಿಲ್ ಅಂತ ಒಬ್ಬ ಹಾಸ್ಯಗಾರ 1996ರಲ್ಲಿ ಶುರು ಮಾಡಿದ್ದು. ಹಾಲಿನ ಬಾಡಿಗೆ ಕೊಟ್ಟು ಕೊಟ್ಟು ಕಲಾವಿದರೇ ಮುಳುಗಿ ಹೋಗ್ತಾರೆ ಅಂತ, ಪಬ್ಬಿನ ಹಿಂದಿನ ರೂಮು, ಕೆಳಗಿನ ಗೋಡೌನು ಇಂಥಲ್ಲಿ ಬಾಡಿಗೆ ಇಲ್ಲದೆ ಆಡುವುದು, ಜನ ಫ್ರೀಯಾಗಿ ಬರುವುದು, ಮುಗಿದ ಮೇಲೆ ಬಾಗ್ಲಲ್ಲಿ ಬಕೆಟ್ ಹಿಡ್ಕೊಂಡು ನಿಲ್ಲುವುದು. ಪಬ್ಬಿನವನಿಗೆ ವ್ಯಾಪಾರ, ಕಲಾವಿದನಿಗೆ ಬಕೆಟು. ನಮ್ಮ ಆರತಿ ಹರಿವಾಣದ ಲೆಕ್ಕವೇ, ನಡುವೆ ದೀಪ ಇಲ್ಲ ಅಷ್ಟೇ. ಈಗ ಇದೇ ಥರ ಮಾಡುವ ಬೇರೆಯವ್ರೂ ಇದ್ದಾರೆ.

ಇದಕ್ಕೆ ಹೋಗುವ ಕ್ರಮ ಹೇಗೆ ಅಂದ್ರೆ, ಶೋಗೆ ಇಪ್ಪತ್ತು ನಿಮಿಷ ಮೊದಲೇ ಹೋಗಿ ಕ್ಯೂ ನಿಲ್ಲಿ, ಶನಿವಾರ ಭಾನುವಾರ ಆದ್ರೆ ಇನ್ನೂ ಮೊದಲು, ಯಾಕಂದ್ರೆ ರೂಮು ಸಣ್ಣದು, ತುಂಬಿದ ಮೇಲೆ ಬಾಗ್ಲು ಹಾಕಿದ್ರೆ ಹಾಕಿದ್ದೇ. ಪಬ್ಬಲ್ಲಿ ಕುಡೀಲೇಬೇಕು ಅಂತ ಇಲ್ಲ, ಒಂದು ಜ್ಯೂಸೋ ಕಾಫಿಯೋ ತಗೊಳ್ಳಿ, ಅದು ಮರ್ಯಾದೆ. ಸಣ್ಣ ಮಕ್ಕಳನ್ನು ಕೆಲವು ಪಬ್ಬಲ್ಲಿ ಬಿಡುವುದಿಲ್ಲ, ಶೋ ವಿವರದಲ್ಲಿ ವಯಸ್ಸು ಹಾಕಿರ್ತಾರೆ, ಅದನ್ನು ನೋಡದೆ ಮಕ್ಕಳು, ಅಜ್ಜಿ, ಎಲ್ಲರೂ ಒಟ್ಟಿಗೆ ಹೋಗಿ ಕೂತು ಆಮೇಲೆ ಮುಖ ಮುಖ ನೋಡ್ಬೇಡಿ. ಬಕೆಟಿಗೆ ನಾನು 5 ಪೌಂಡ್ ಹಾಕ್ತಿದ್ದೆ, ಒಳ್ಳೇದಾದ್ರೆ 10. ಫ್ರೀ ಅಂದ್ರು ಅಂತ ಬಕೆಟ್ ದಾಟಿ ತಲೆ ತಗ್ಗಿಸಿ ಓಡುವುದು ಬೇಡ, ಅವನ ಆ ದಿನದ ಊಟವೇ ಅದು. ಹಾಗಂತ ಹಿಡಿಸದ್ದಕ್ಕೆ ಒತ್ತಾಯಕ್ಕೆ ಹಾಕ್ಬೇಕಂತಲೂ ಇಲ್ಲ.

ಇನ್ನೊಂದು, ಕಾಮಿಡಿ ಶೋಗೆ ಹೋದ್ರೆ ಮುಂದಿನ ಸಾಲಲ್ಲಿ ಕೂರಲೇಬೇಡಿ. ನಮ್ಮಲ್ಲಿ ಮುಂದಿನ ಕುರ್ಚಿ ಗಣ್ಯರಿಗೆ, ಅಲ್ಲಿ ಮುಂದಿನ ಕುರ್ಚಿ ಬಲಿಗೆ. ನಾನು ಗೊತ್ತಿಲ್ಲದೆ ಕೂತೆ, ಎಲ್ಲಿಂದ ಅಂತ ಕೇಳಿದ, ಉಡುಪಿ ಅಂದೆ, ಮತ್ತೆ ಶೋ ಮುಗಿಯುವವರೆಗೆ ನಾನೇ ಅವನ ಹನುಮನಾಯಕ, ಆಟದಲ್ಲಿ ನಗಿಸುವ ವೇಷ. ಅರ್ಧಕ್ಕರ್ಧ ಅರ್ಥವೂ ಆಗ್ಲಿಲ್ಲ, ಸ್ಕಾಟ್ಲೆಂಡಿನವರ ಇಂಗ್ಲಿಷ್ ಬೇರೆಯೇ ಉಂಟು ಮಾರಾಯ್ರೆ. ಆದ್ರಿಂದ ಭಾಷೆ ತೊಂದ್ರೆ ಇದ್ದವರು ಮಾತಿನ ಶೋ ಬಿಟ್ಟು ಸರ್ಕಸ್, ಮೂಕಾಭಿನಯ, ಹಾಡು, ಕುಣಿತ ಹುಡುಕಿ.

ಅದಕ್ಕೆ ಎಲ್ಲಕ್ಕಿಂತ ಒಳ್ಳೇ ಜಾಗ ರಾಯಲ್ ಮೈಲ್. ಮೇಲೆ ಗುಡ್ಡದಲ್ಲಿ ಕೋಟೆ, ಕೆಳಗೆ ಹೋಲಿರೂಡ್ ಅರಮನೆ, ನಡುವಿನ ಇಳಿಜಾರು ರಸ್ತೆ ಇದು. ಹಬ್ಬದ ಸಮಯ ಇದ್ರ ನಡುವಿನ ಭಾಗಕ್ಕೆ ಗಾಡಿ ಬಿಡುವುದಿಲ್ಲ, ಬೆಳಿಗ್ಗೆ ಹನ್ನೊಂದರ ಮೇಲೆ ಕತ್ತಿ ನುಂಗುವವ, ಏಣಿ ಮೇಲೆ ಬೆಂಕಿ ತಿರ್ಗಿಸುವವ, ಬ್ಯಾಗ್‌ಪೈಪಿನವ. ವಿಟ್ಲಪಿಂಡಿ (ಅಷ್ಟಮಿಯ ಮರುದಿನ) ದಿನ ಉಡುಪಿ ರಥಬೀದಿಯಲ್ಲಿ ಹುಲಿವೇಷ ನೋಡ್ಲಿಕ್ಕೆ ನಿಂತ ಹಾಗೆಯೇ, ಆದ್ರೆ ಇದು ಮೂರು ವಾರ ಪ್ರತಿ ದಿನ. ಸೇಂಟ್ ಜೈಲ್ಸ್ ಅಂತ ದೊಡ್ಡ ಹಳೇ ಚರ್ಚ್ ಉಂಟು, ಅದರ ಆಸುಪಾಸು ನಿಂತ್ರೆ ಸಾಕು, ಬರ್ತಾ ಇರ್ತದೆ. ಚರ್ಚಿನ ಒಳಗೂ ಹೋಗ್ಬಹುದು, ಟಿಕೆಟ್ ಇಲ್ಲ, ಕಾಣಿಕೆ ಹಾಕಿದ್ರೆ ಅವರಿಗೆ ಸಂತೋಷ. ರಸ್ತೆಯಲ್ಲಿ ಆಡುವವರು ಕೊನೆಗೆ ಟೋಪಿ ಹಿಡೀತಾರೆ, ಈಗ ಎಲ್ಲರ ಹತ್ರ ಕಾರ್ಡ್ ಮೆಷಿನ್ನೂ ಉಂಟು, ಚಿಲ್ಲರೆ ಇಲ್ಲ ಅನ್ನುವ ನಮ್ಮ ಹಳೇ ಉಪಾಯ ನಡೆಯುವುದಿಲ್ಲ. ಹೆಜ್ಜೆಗೊಬ್ಬ ಕೈಗೆ ನೋಟೀಸು ತುರುಕ್ತಾನೆ, ಬೇಡ ಅನ್ಬೇಡಿ, ಹೆಚ್ಚಿನ ಸಲ ಹಂಚುವವನೇ ಆಡುವವ, ನಿಲ್ಸಿ ಎರಡು ಮಾತು ಕೇಳಿದ್ರೆ ಶೋ ಹೇಗುಂಟು ಅಂತ ಅಂದಾಜಾಗ್ತದೆ. ನಾನು ಕೊನೆಕೊನೆಗೆ ಪೋಸ್ಟರ್ ನೋಡುವುದೇ ಬಿಟ್ಟು ಹೀಗೆ ಮಾತಾಡ್ಸಿಯೇ ಆರಿಸ್ತಿದ್ದೆ.

ಡೇರೆ ಆಟದ ಸಾಲಿಗೆ ಬರುವುದು ಮಿಲಿಟರಿ ಟ್ಯಾಟೂ. ಟ್ಯಾಟೂ ಅಂದ್ರೆ ಹಚ್ಚೆ ಅಲ್ಲ, ಕೋಟೆ ಎದುರು ಸೈನ್ಯದ ಬ್ಯಾಂಡು, 1950ರಿಂದ ನಡೀತಾ ಬಂದದ್ದು. ನನ್ನ ಎರಡನೇ ಟಿಕೆಟ್ ಇದಕ್ಕೆ, ರೇಟು ಜೋರು, ಆದ್ರೆ ನೂರಾರು ಬ್ಯಾಗ್‌ಪೈಪು ಒಟ್ಟಿಗೆ ಕೋಟೆ ಬಾಗ್ಲಿಂದ ಹೊರಗೆ ಬರುವಾಗ ಮೈ ಜುಮ್ ಅಂತದೆ, ಕೊಟ್ಟದ್ದಕ್ಕೆ ಬೇಜಾರಿಲ್ಲ. ಬೇಡ ಅನ್ನುವವರು ಆಟ ಮುಗಿಯುವ ಹೊತ್ತಿಗೆ ಕೆಳಗೆ ಪ್ರಿನ್ಸೆಸ್ ಸ್ಟ್ರೀಟಲ್ಲಿ ನಿಂತ್ರೆ ಬೆಡಿ (ಪಟಾಕಿ) ಮಾತ್ರ ಫ್ರೀಯಾಗಿ ಕಾಣ್ತದೆ. ಪುಸ್ತಕದ ಹಬ್ಬಕ್ಕೆ ಒಳಗೆ ಹೋಗಿ ಸುತ್ತಾಡ್ಲಿಕ್ಕೆ ದುಡ್ಡಿಲ್ಲ, ಭಾಷಣಕ್ಕೆ ಟಿಕೆಟ್.

ಇನ್ನು ಹಬ್ಬ ಅಲ್ಲದ ಫ್ರೀ. ಮಳೆ ಬಂತು ಅಂತಾದ್ರೆ, ಬರ್ತದೆ, ಸೀದಾ ಚೇಂಬರ್ಸ್ ಸ್ಟ್ರೀಟಿನ ನ್ಯಾಷನಲ್ ಮ್ಯೂಸಿಯಮ್ಮಿಗೆ ಹೋಗಿ. ಟಿಕೆಟ್ ಇಲ್ಲ. ಡಾಲಿ ಕುರಿ ನೆನಪುಂಟಲ್ಲ, 1996ರಲ್ಲಿ ಹುಟ್ಟಿದ ಕ್ಲೋನ್ ಕುರಿ, ಎಡಿನ್‌ಬರಾದ ಹತ್ತಿರವೇ ರಾಸ್ಲಿನ್ನಲ್ಲಿ ಮಾಡಿದ್ದು, 2003ರಲ್ಲಿ ಸತ್ತ ಮೇಲೆ ಸ್ಟಫ್ ಮಾಡಿ ಇಲ್ಲಿ ಗಾಜಿನೊಳಗೆ ನಿಲ್ಸಿದ್ದಾರೆ, ಪಾಪ ಸುತ್ತ ತಿರುಗ್ತಾ ಇರ್ತದೆ. ಲಿಫ್ಟಲ್ಲಿ ತಾರಸಿಗೆ ಹೋದ್ರೆ ಕೋಟೆ, ಗುಡ್ಡ ಎಲ್ಲ ಕಾಣ್ತದೆ, ಇದು ಹೆಚ್ಚಿನವ್ರಿಗೆ ಗೊತ್ತಿಲ್ಲ, ಕೋಟೆ ಟಿಕೆಟಿನ ದುಡ್ಡು ಕೊಡದೆ ಸಿಗುವ ಒಳ್ಳೇ ನೋಟ ಇದೇ ಅಂತ ನಾನು ಹೇಳುವುದು. ಮೌಂಡ್ ಅನ್ನುವ ಬೀದಿಯ ನ್ಯಾಷನಲ್ ಗ್ಯಾಲರಿ, ಕ್ವೀನ್ ಸ್ಟ್ರೀಟಿನ ಪೋರ್ಟ್ರೇಟ್ ಗ್ಯಾಲರಿ, ಮಕ್ಕಳಿಗೆ ಆಟಿಕೆಯದ್ದು ಮ್ಯೂಸಿಯಮ್ ಆಫ್ ಚೈಲ್ಡ್‌ಹುಡ್, ಎಲ್ಲ ಫ್ರೀ. ಬೊಟಾನಿಕ್ ಗಾರ್ಡನ್ ಕೂಡ, 70 ಎಕರೆ, 1670ರಲ್ಲಿ ಶುರುವಾದದ್ದು, ಬಿಸಿಲಿದ್ದ ದಿನ ಬುತ್ತಿ ಕಟ್ಕೊಂಡು ಹೋಗ್ಬಹುದು.

ಆದ್ರೆ ನಮ್ಮೂರಿನವರು ತಪ್ಪಿಸಲೇಬಾರದ್ದು ಆರ್ಥರ್ಸ್ ಸೀಟ್ ಗುಡ್ಡ. ಊರ ನಡುವೆಯೇ ಉಂಟು, 251 ಮೀಟರ್, ಆರಿಹೋದ ಜ್ವಾಲಾಮುಖಿ, ಸುಮಾರು 34 ಕೋಟಿ ವರ್ಷ ಹಳೇದು. ಅದ್ರ ಒಂದು ಪಕ್ಕದಲ್ಲಿ ಸ್ಯಾಮ್ಸನ್ಸ್ ರಿಬ್ಸ್ ಅಂತ ಕಲ್ಲಿನ ಕಂಬಗಳ ಸಾಲು ಉಂಟು. ನಾನು ಅದನ್ನು ನೋಡಿ ಅಲ್ಲೇ ನಿಂತೆ, ಇದು ನಮ್ಮ ಮಲ್ಪೆಯ ಸೈಂಟ್ ಮೇರೀಸ್ ದ್ವೀಪದ್ದೇ ಕಲ್ಲಲ್ವಾ ಅಂತ! ಲಾವಾ ನಿಧಾನಕ್ಕೆ ತಣ್ಣಗಾಗುವಾಗ ಕುಗ್ಗಿ ಬಿರುಕು ಬಿಟ್ಟು, ಐದು ಮೂಲೆ ಆರು ಮೂಲೆಯ ಕಂಬ ಆಗುವುದು, ಎರಡು ಕಡೆಯೂ ಕ್ರಮ ಅದೇ. ನಮ್ಮದ್ದು ಮಡಗಾಸ್ಕರ್ ಭಾರತದಿಂದ ಬೇರೆಯಾದ ಕಾಲದ್ದು, ಸುಮಾರು 8.8 ಕೋಟಿ ವರ್ಷ, ಅಂದ್ರೆ ಅವರದ್ದಕ್ಕೆ ನಮ್ಮದು ಮೊಮ್ಮಗ. ಪಕ್ಕದ ಸಾಲಿಸ್ಬರಿ ಬಂಡೆಗಳನ್ನು ನೋಡಿಯೇ ಜೇಮ್ಸ್ ಹಟ್ಟನ್ ಎನ್ನುವವರು 18ನೇ ಶತಮಾನದಲ್ಲಿ, ಈ ಕಲ್ಲು ಕರಗಿ ಕೆಳಗಿನಿಂದ ನುಗ್ಗಿ ಬಂದದ್ದು, ಭೂಮಿಗೆ ನಾವು ಅಂದ್ಕೊಂಡದ್ದಕ್ಕಿಂತ ಎಷ್ಟೋ ಜಾಸ್ತಿ ವಯಸ್ಸು ಅಂತ ವಾದ ಮಾಡಿದ್ದು. ಹತ್ತಲಿಕ್ಕೆ ಮುಕ್ಕಾಲು ಗಂಟೆ, ನಮ್ಮಂಥ ಮೊಣಕಾಲಿನವ್ರಿಗೆ ಒಂದು ಗಂಟೆ. ಗ್ರಿಪ್ ಇರುವ ಬೂಟ್ ಹಾಕಿ, ತುದಿಯ ಕಲ್ಲು ಜನ ತುಳಿದು ತುಳಿದು ಎಣ್ಣೆ ಹಚ್ಚಿದ ಹಾಗೆ ಆಗಿದೆ. ಕಲ್ಲು ಉದುರ್ತದೆ ಅಂತ ಕೆಲವು ದಾರಿ ಮುಚ್ಚಿರ್ತಾರೆ, ಬೋರ್ಡಿದ್ರೆ ನುಗ್ಗಬೇಡಿ.

ಅಷ್ಟು ಹತ್ತಲಿಕ್ಕೆ ಆಗದವರಿಗೆ ಕಾಲ್ಟನ್ ಹಿಲ್, ಹತ್ತು ನಿಮಿಷ. ಮೇಲೆ ಗ್ರೀಸ್ ದೇಶದ ದೇವಸ್ಥಾನದ ಹಾಗೆ ಕಂಬಗಳು ನಿಂತಿವೆ, ಹಳೇದು ಬಿದ್ದದ್ದು ಅಂತ ನಾನು ಗ್ರಹಿಸಿದ್ದೆ, ನೋಡಿದ್ರೆ 1826ರಲ್ಲಿ ಶುರು ಮಾಡಿ 1829ರಲ್ಲಿ ದುಡ್ಡು ಮುಗಿದು ನಿಂತದ್ದಂತೆ. ಜೀರ್ಣೋದ್ಧಾರ ಸಮಿತಿಯಲ್ಲಿ ಇದ್ದವರಿಗೆ ಇದನ್ನು ನೋಡಿದ್ರೆ ಕಣ್ಣಲ್ಲಿ ನೀರು ಬರ್ಬಹುದು. ಮಧ್ಯಾಹ್ನ ಒಂದು ಗಂಟೆಗೆ ಅಲ್ಲಿದ್ರೆ ಕೋಟೆಯಿಂದ ಫಿರಂಗಿ ಹೊಡೆಯುವುದು ಕೇಳ್ತದೆ, ಭಾನುವಾರ ಬಿಟ್ಟು. ಬಂದರಿನ ಹಡಗಿನವರಿಗೆ ಮಂಜಲ್ಲಿ ಟೈಮ್ ಗೊತ್ತಾಗ್ಲಿ ಅಂತ 1861ರಲ್ಲಿ ಶುರು ಮಾಡಿದ್ದು. ಹನ್ನೆರಡಕ್ಕೆ ಬದಲು ಒಂದಕ್ಕೆ ಯಾಕೆ ಅಂದ್ರೆ ಹನ್ನೆರಡು ಗುಂಡಿನ ಖರ್ಚು ಯಾಕೆ ಅಂತ, ಇದು ಅವರೇ ತಮ್ಮ ಜಿಪುಣತನಕ್ಕೆ ಹೇಳ್ಕೊಳ್ಳುವ ಜೋಕು.

ಆಗಸ್ಟ್ ಆಗದವರಿಗೆ ಬೇರೆ ತಿಂಗಳೂ ಉಂಟು. ಜುಲೈಯಲ್ಲಿ ಜಾಝ್ ಹಬ್ಬದ ಮೆರವಣಿಗೆ ರಸ್ತೆಯಲ್ಲೇ ನೋಡ್ಬಹುದು. ಸೆಪ್ಟೆಂಬರಲ್ಲಿ ಡೋರ್ಸ್ ಓಪನ್ ಅಂತ, ಬಾಕಿ ದಿನ ಒಳಗೆ ಬಿಡದ ಹಳೇ ಕಟ್ಟಡಗಳನ್ನು ಫ್ರೀಯಾಗಿ ತೆರೀತಾರೆ, ಹಬ್ಬದ ಗಲಾಟೆ ಬೇಡದವರಿಗೆ ನನ್ನ ಸಲಹೆ ಇದೇ. ಡಿಸೆಂಬರ್ 31ಕ್ಕೆ ಹಾಗ್‌ಮನೇ, ಅಂದ್ರೆ ಅವರ ಹೊಸ ವರ್ಷದ ಹಬ್ಬ, ರಸ್ತೆ ಪಾರ್ಟಿಗೆ ಟಿಕೆಟ್, ಕೋಟೆಯ ಬೆಡಿ ದೂರದ ಗುಡ್ಡದಿಂದ, ಪಾರ್ಕಿನಿಂದ ಫ್ರೀ, ಆದ್ರೆ ಗಾಳಿ ಜೋರಾದ್ರೆ ಎಲ್ಲ ಕ್ಯಾನ್ಸಲ್, 2024ರ ಕೊನೆಯಲ್ಲಿ ಹಾಗೇ ಆಯ್ತು. ಅದೊಂದನ್ನೇ ನಂಬಿ ಟಿಕೆಟ್ ಬುಕ್ ಮಾಡ್ಬೇಡಿ.

ಹೊರಡುವ ಮೊದಲು ಕೆಲವು. ಯುರೋಪಿನ ಷೆಂಗೆನ್ ವೀಸಾ ಇಲ್ಲಿಗೆ ನಡೆಯುವುದಿಲ್ಲ, ಬ್ರಿಟನ್ನಿನದ್ದೇ ಬೇಕು, ಪ್ಯಾರಿಸ್ ನೋಡಿ ಹಾಗೇ ಬರುವ ಅಂದ್ರೆ ಎರಡು ವೀಸಾ. ಆಗಸ್ಟಲ್ಲಿ ರೂಮಿನ ರೇಟು ಪರ್ಯಾಯ ಉತ್ಸವದ ಸಮಯದ ಉಡುಪಿ ಲಾಡ್ಜಿಗಿಂತ ಮೋಸ, ಆರು ತಿಂಗಳು ಮೊದಲೇ ನೋಡಿ, ಯೂನಿವರ್ಸಿಟಿ ಹಾಸ್ಟೆಲ್ ರೂಮುಗಳನ್ನು ರಜೆಯಲ್ಲಿ ಬಾಡಿಗೆಗೆ ಕೊಡ್ತಾರೆ, ಅದೂ ಸಿಗದಿದ್ರೆ ಗ್ಲಾಸ್ಗೋದಲ್ಲಿ ಉಳ್ಕೊಳ್ಳಿ, ರೈಲಲ್ಲಿ 50 ನಿಮಿಷ. 2026 ಜುಲೈ 24ರಿಂದ ರೂಮು ಬಾಡಿಗೆ ಮೇಲೆ 5 ಶೇಕಡಾ ಪ್ರವಾಸಿ ತೆರಿಗೆಯೂ ಬೀಳ್ತದೆ, ಮೊದಲ ಐದು ರಾತ್ರಿಗೆ. ಕೊಡೆ ತಗೊಂಡು ಹೋಗ್ಬೇಡಿ, ನಮ್ಮ ಆಟಿ ಮಳೆಗೆ ಹೆದರದ ಕೊಡೆ ಅಲ್ಲಿಯ ಗಾಳಿಗೆ ಎರಡನೇ ದಿನವೇ ಮಗುಚಿ ಕಸದ ಬುಟ್ಟಿ ಸೇರಿತು, ಟೋಪಿ ಇರುವ ರೇನ್‌ಕೋಟೇ ಸರಿ. ಬೇಸಿಗೆ ಅಂದ್ರೂ 18-19 ಡಿಗ್ರಿ, ಸ್ವೆಟರ್ ಇರ್ಲಿ. ನಲ್ಲಿ ನೀರು ಕುಡೀಬಹುದು, ಬಾಟ್ಲಿ ನೀರಿಗೆ ದುಡ್ಡು ಹಾಕ್ಬೇಡಿ. ಊಟಕ್ಕೆ ಮಠದ ಹಾಗೆ ಭೋಜನಶಾಲೆ ಇಲ್ಲ, ಆದ್ರೆ ಎಡಿನ್‌ಬರಾದ ಬಂದರು ಬದಿಯ ಲೀತ್‌ನಲ್ಲಿ ಹಳೇ ಚರ್ಚ್ ಕಟ್ಟಡದಲ್ಲಿ ಒಂದು ಗುರುದ್ವಾರ ಉಂಟು, ಲಂಗರ್ ಅಂತ ಫ್ರೀ ಊಟ ಸಿಗ್ತದೆ, ತಲೆಗೆ ಬಟ್ಟೆ ಕಟ್ಕೊಂಡು ಹೋಗಿ, ತಿಂದ ಮೇಲೆ ಪಾತ್ರೆಗೂ ಸ್ವಲ್ಪ ಕೈ ಹಾಕಿ.

ಮತ್ತೆ ಅಲ್ಲಿಯ ನೋಟು. ಸ್ಕಾಟ್ಲೆಂಡಲ್ಲಿ ಮೂರು ಬ್ಯಾಂಕುಗಳು ತಮ್ಮದೇ ಪೌಂಡ್ ನೋಟು ಮಾಡ್ತವೆ, ಅಲ್ಲಿ ಎಲ್ಲ ಕಡೆ ನಡೀತದೆ, ಊರಿಗೆ ತಂದು ಮಂಗಳೂರಲ್ಲಿ ಬದಲಿಸ್ಲಿಕ್ಕೆ ಹೋದ್ರೆ ಕೌಂಟರಿನವ ತಿರುಗಿಸಿ ಮುರುಗಿಸಿ ನೋಡಿ ವಾಪಸ್ ಕೊಟ್ಟ. ನನ್ನ ಹತ್ರ ಒಂದು 10ರ ನೋಟು ಈಗ್ಲೂ ಕಪಾಟಲ್ಲಿ ಉಂಟು. ನೀವು ಹಾಗೆ ಮಾಡ್ಬೇಡಿ, ಕೊನೆಯ ದಿನ ನೋಡಿದ ಶೋದ ಬಕೆಟಿಗೆ ಹಾಕಿ ಬನ್ನಿ.