ಬಗಲಲ್ಲಿ ಹಾಲು ಇಳಿದಾಗ

"ನರ್ಸಬಾಯಾರ, ನಮ್ಮ ಹುಡುಗಿ ಬಗಲಾಗ ಗಂಟ ಎದ್ದಾವ ನೋಡ್ರಿ." ಸಿಜೇರಿಯನ್ ಆಗಿ ಮೂರನೇ ದಿನ. ಮುಧೋಳ ಕಡೆಯ ಹುಡುಗಿ, ಚೊಚ್ಚಲ ಬಾಣಂತಿ, ಎರಡೂ ಕೈ ಪೈಲ್ವಾನರ ಹಾಗೆ ಅಗಲ ಮಾಡಿಕೊಂಡು ಕೂತಿದ್ದಳು. ಎರಡೂ ಬಗಲಲ್ಲಿ ನಿಂಬೆಹಣ್ಣಿನಷ್ಟು ಬಾವು. ಕೀವು ತುಂಬಿದೆ ಅಂತ ಅವಳ ಆಯಿ ಆಗಲೇ ತೀರ್ಮಾನ ಮಾಡಿಬಿಟ್ಟಿದ್ದರು.

ಬಾಗಲಕೋಟೆ ಜಿಲ್ಲೆಯ ಹೆರಿಗೆ ವಾರ್ಡಿನಲ್ಲಿ ಇದನ್ನು ಬೇಕಾದಷ್ಟು ಸಲ ನೋಡಿದ್ದೇನೆ. ಅದು ಹಾಲಿನ ಗ್ರಂಥಿಯೇ, ಜಾಗ ಮಾತ್ರ ಬೇರೆ. ಮಗು ಹೊಟ್ಟೆಯಲ್ಲಿ 6 ವಾರದ್ದಿರುವಾಗ ಬಗಲಿನಿಂದ ತೊಡೆಸಂದಿಯವರೆಗೆ ಎರಡೂ ಕಡೆ ಹಾಲಿನ ಗೆರೆ ಮೂಡುತ್ತದೆ. ನಾಯಿಗೆ, ಹಂದಿಗೆ ಸಾಲಾಗಿ ಮೊಲೆ ಇರುತ್ತವಲ್ಲ, ಅದೇ ಗೆರೆ. ನಮ್ಮಲ್ಲಿ ಎದೆಯದಷ್ಟೇ ಉಳಿದು ಮಿಕ್ಕಿದ್ದು ಕರಗಿಹೋಗುತ್ತದೆ. ನೂರಕ್ಕೆ 2ರಿಂದ 6 ಹೆಂಗಸರಲ್ಲಿ ಒಂದು ಚೂರು ಉಳಿದುಬಿಡುತ್ತದೆ, ಜಾಸ್ತಿ ಬಗಲಲ್ಲೇ. ವರ್ಷಗಟ್ಟಲೆ ಸುಮ್ನೆ ಇದ್ದದ್ದು ಹಾಲು ಇಳಿಯುವ ದಿನ ಊದಿಕೊಳ್ಳುತ್ತದೆ. ಸಾಮಾನ್ಯವಾಗಿ ತೊಟ್ಟು ಇರುವುದಿಲ್ಲ, ಹಾಲು ಹೋಗುವುದೆಲ್ಲಿಗೆ? ಒಬ್ಬಾಕೆಗೆ ಮಾತ್ರ, ಮಚ್ಚೆ ಅಂದುಕೊಂಡಿದ್ದ ಚುಕ್ಕೆಯಿಂದಲೇ ಹಾಲು ಸೋರಿ ನೈಟಿಯ ತೋಳು ತೊಯ್ದಿತ್ತು.

ಕೆಲಸಕ್ಕೆ ಸೇರಿದ ಹೊಸತರಲ್ಲಿ ಎದೆ ಕಟ್ಟಿದಾಗ ಮಾಡುವ ಹಾಗೆ ನಾನೇ ಒಬ್ಬ ಬಾಣಂತಿಯ ಬಗಲು ತಿಕ್ಕಿ ಹಿಂಡಿದ್ದೆ. ಮರುದಿನ ಗಂಟು ಇನ್ನಷ್ಟು ಊದಿತ್ತು. ಹಿಂಡಿದಷ್ಟೂ ಗ್ರಂಥಿ ಹಾಲು ಮಾಡುತ್ತದೆ, ಗೊತ್ತಿದ್ದೂ ತಲೆ ಓಡಿರಲಿಲ್ಲ.

ಈಗ ಮೊದಲು ಜ್ವರ ನೋಡುತ್ತೇನೆ. ಕೈ ಎತ್ತಿಸಿ ಚರ್ಮ ಕೆಂಪಗಿದೆಯಾ, ಸುಡುತ್ತಿದೆಯಾ ಅಂತ ಮುಟ್ಟಿ ನೋಡಿ, ಬಸುರಿ ಇದ್ದಾಗ ಅಥವಾ ಮುಟ್ಟಿನ ದಿನಗಳಲ್ಲಿ ಅಲ್ಲಿ ಊದುತ್ತಿತ್ತಾ ಅಂತ ಕೇಳುತ್ತೇನೆ. "ಹೌದ್ರಿ, ಬ್ಲೌಸ್ ಬಿಗಿ ಆಗ್ತಿತ್ತು" ಅಂದಳು. ಜ್ವರ ಇರಲಿಲ್ಲ. ಡಾಕ್ಟರೂ ನೋಡಿ ಅದೇ ಅಂದರು.

ತಣ್ಣೀರು ಬಟ್ಟೆ ಇಡೋಣ ಅಂದೆ ನೋಡಿ, ಆಯಿ ಎದ್ದು ನಿಂತರು. "ಬಾಣಂತಿಗೆ ಥಂಡಿ ಹಚ್ಚತೀರೇನ್ರಿ?" ಹೊರಸಿನ ಕೆಳಗೆ ಕೆಂಡ ಇಟ್ಟು ಬಾಣಂತನ ಮಾಡುವ ಊರಲ್ಲಿ ಐಸ್ ಅಂದರೆ ಮುಗೀತು, ಅಲ್ವಾ? ಸುಮಾರು ಹೊತ್ತು ಮಾತಾಡಿ ಕೊನೆಗೆ ಒಪ್ಪಂದ ಆಯಿತು: ಫ್ರಿಜ್ ನೀರು ಬೇಡ, ಗಡಿಗೆ ನೀರು, ಅದೂ ಬಗಲಿಗೆ ಮಾತ್ರ 10 ನಿಮಿಷ, ಕಿವಿಯ ಸ್ಕಾರ್ಫ್ ಬಿಚ್ಚುವ ಹಾಗಿಲ್ಲ. ನನ್ನ ಕಡೆಯಿಂದ, ತಿಕ್ಕಬಾರದು, ಹಿಂಡಬಾರದು, ಬಿಗಿ ಬ್ಲೌಸ್ ಹಾಕಬಾರದು, ಎದೆಹಾಲು ಎಂದಿನಂತೆ ಕುಡಿಸಬೇಕು. ಕುಡಿಸುವಾಗ ಬಗಲೂ ಜುಂ ಅಂದರೆ ಹೆದರಬೇಡ ಅಂದೆ. ದಾರಿ ಸಿಗದ ಹಾಲು ಒಳಗೇ ನಿಂತು ನಿಂತು ಗ್ರಂಥಿ ತಾನೇ ಹಾಲು ಮಾಡುವುದು ಬಿಡುತ್ತದೆ, ಒಂದೆರಡು ವಾರದ ಮಾತು. ಆಮೇಲೂ ಗಟ್ಟಿ ಗಂಟು ಉಳಿದರೆ, ಅದರಲ್ಲೂ ಒಂದೇ ಕಡೆ ಉಳಿದರೆ, ಸ್ಕ್ಯಾನ್ ಮಾಡಿಸಲೇಬೇಕು. ಎದೆಗೆ ಬರುವ ರೋಗ ಅಲ್ಲಿಗೂ ಬರಬಹುದು, ಅಪರೂಪಕ್ಕೆ ಕ್ಯಾನ್ಸರ್ ಕೂಡ.

ಒಂದೂವರೆ ತಿಂಗಳಿಗೆ ಮಗುವಿನ ಲಸಿಕೆಗೆ ಬಂದರು. ಬಗಲಲ್ಲಿ ಸ್ವಲ್ಪ ಜೋತ ಚರ್ಮ ಬಿಟ್ಟರೆ ಏನಿಲ್ಲ.

"ನಾ ಅರಿಷಿಣ ಹಚ್ಚಿದ್ದಕ್ಕ ಇಳೀತ್ರಿ" ಅಂದರು ಆಯಿ.

"ಹೌದೇನ್ರಿ ಆಯಿ" ಅಂತ ನಕ್ಕು, ತಾಯಿ ಕಾರ್ಡು ತಗೊಂಡು ಬರೆಯೋಕೆ ಕೂತೆ.