ಸಾಲ, ಹೂಡಿಕೆ ಕೇಳುವ ಮುನ್ನ ನಿಮ್ಮ ಉದ್ಯಮವನ್ನು ನೀವೇ ಪರೀಕ್ಷಿಸಿ

ಸಣ್ಣ ಉದ್ಯಮ ನಡೆಸುವವರಿಗೆ ಕೈಯಲ್ಲಿ ಹಣ ಸಾಲದು ಅನ್ನಿಸಿದ ಕೂಡಲೇ ಮನಸ್ಸು ಓಡುವುದು ‘ಯಾರು ಕೊಡ್ತಾರೆ, ಬಡ್ಡಿ ಎಷ್ಟು’ ಎಂಬ ಕಡೆಗೆ. ಅದಕ್ಕೂ ಮೊದಲು ಉತ್ತರ ಹುಡುಕಬೇಕಾದ ಪ್ರಶ್ನೆ ಒಂದಿದೆ: ಹಣ ಯಾಕೆ ಸಾಲುತ್ತಿಲ್ಲ? ಲೆಕ್ಕದ ಪುಸ್ತಕ ಮುಂದಿಟ್ಟುಕೊಂಡು ಇದಕ್ಕೆ ಉತ್ತರ ಹೇಳಬಲ್ಲವರು ಬ್ಯಾಂಕಿನ ಮುಂದೆಯಾಗಲಿ, ಹೂಡಿಕೆದಾರರ ಮುಂದೆಯಾಗಲಿ ತಡವರಿಸುವುದಿಲ್ಲ. ಕಾರಣ ಗೊತ್ತಿಲ್ಲದೆ ತಂದ ಹಣ ಕರಗಿಹೋಗುತ್ತದೆ, ಹಳೆಯ ಕಷ್ಟದ ಜೊತೆ ಕಂತಿನ ಭಾರ ಉಳಿಯುತ್ತದೆ.

ಈ ಪರೀಕ್ಷೆಯನ್ನು ನೀವೇ ಮಾಡಿಕೊಳ್ಳಬಹುದು. ಕಳೆದ ಎರಡು ವರ್ಷದ ಲೆಕ್ಕ, ಬ್ಯಾಂಕ್ ಸ್ಟೇಟ್‌ಮೆಂಟ್, ಒಂದಿಷ್ಟು ತಾಳ್ಮೆ ಇದ್ದರೆ ಸಾಕು.

1. ಮೊದಲು ಲೆಕ್ಕ ಸರಿಮಾಡಿ

ಮನೆ ಖರ್ಚು, ಉದ್ಯಮದ ಖರ್ಚು ಎರಡೂ ಒಂದೇ ಖಾತೆಯಿಂದ ಹೋಗುತ್ತಿದ್ದರೆ ಮುಂದಿನ ಯಾವ ಹಂತದ ಲೆಕ್ಕವನ್ನೂ ನಂಬಲಾಗದು. ಇವೆರಡನ್ನೂ ಬೇರೆ ಮಾಡಿ. ತಿಂಗಳ ಕೊನೆಯಲ್ಲಿ ಪುಸ್ತಕದ ಬಾಕಿಯೂ ಬ್ಯಾಂಕಿನ ಬಾಕಿಯೂ ತಾಳೆಯಾಗಬೇಕು.

ಇನ್ನೊಂದು ವಿಷಯವನ್ನು ತುಂಬಾ ಜನ ಬಿಟ್ಟುಬಿಡುತ್ತಾರೆ: ಮಾಲೀಕರ ಸಂಬಳ. ದಿನವಿಡೀ ದುಡಿದು ಸಂಬಳ ತೆಗೆದುಕೊಳ್ಳದಿದ್ದರೆ ಲಾಭ ಜಾಸ್ತಿ ಕಾಣುತ್ತದೆ, ನಿಜ. ಆದರೆ ನಿಮ್ಮ ಕೆಲಸಕ್ಕೆ ಬೇರೆಯವರನ್ನು ಇಟ್ಟುಕೊಂಡರೆ ಎಷ್ಟು ಕೊಡಬೇಕಾಗುತ್ತಿತ್ತು? ಅಷ್ಟನ್ನು ಖರ್ಚಿಗೆ ಸೇರಿಸಿ ನೋಡಿ. ಲಾಭ ಅಲ್ಲಿಗೇ ಮಾಯವಾದರೆ, ಇಷ್ಟು ದಿನ ಉದ್ಯಮ ನಡೆದದ್ದು ನಿಮ್ಮ ಬಿಟ್ಟಿ ದುಡಿಮೆಯ ಮೇಲೆ ಎಂದಾಯಿತು. ಸಾಲ ಕೊಡುವವರು ಇದನ್ನು ಕಂಡುಹಿಡಿಯುವ ಮೊದಲು ನಿಮಗೇ ಗೊತ್ತಿರುವುದು ಒಳ್ಳೆಯದು.

2. ಕೊರತೆ ಯಾವ ಬಗೆಯದು?

ಇಡೀ ಪರೀಕ್ಷೆಯಲ್ಲಿ ಅತಿ ಮುಖ್ಯವಾದ ಹಂತ ಇದು. ಹೆಚ್ಚು ಹೊತ್ತು ಇಲ್ಲೇ ಕಳೆಯಿರಿ.

ಕೊರತೆಗೆ ಸಾಮಾನ್ಯವಾಗಿ ಮೂರು ಕಾರಣ. ಮಾರಿದ ಪ್ರತಿ ವಸ್ತುವಿನಲ್ಲೂ ನಷ್ಟವಾಗುತ್ತಿರಬಹುದು. ಲಾಭವಿದ್ದರೂ ಹಣ ಸ್ಟಾಕಿನಲ್ಲಿ, ಉದ್ರಿಯಲ್ಲಿ ಸಿಕ್ಕಿಕೊಂಡಿರಬಹುದು. ಅಥವಾ ವ್ಯಾಪಾರ ಚೆನ್ನಾಗಿ ಬೆಳೆದು ಹೊಸ ಯಂತ್ರ, ಹೊಸ ಜಾಗ ಬೇಕಾಗಿರಬಹುದು. ಮೂರನೆಯದಕ್ಕೆ ಹೊರಗಿನ ಹಣ ಸರಿಯಾದ ಮದ್ದು. ಎರಡನೆಯದಕ್ಕೆ ಅರ್ಧ ಮದ್ದು ನಿಮ್ಮ ಕೈಯಲ್ಲೇ ಇದೆ. ಮೊದಲನೆಯದಕ್ಕೆ ಸಾಲ ತರುವುದು ಅಪಾಯ. ಬೆಲೆ ಇಲ್ಲವೇ ಖರ್ಚು ಬದಲಾಗದೆ ಅದು ಸರಿಹೋಗುವುದಿಲ್ಲ.

ಎರಡನೆಯದನ್ನು ಹೀಗೆ ಅಳೆಯಿರಿ. ಸರಕು ಕೊಂಡ ದಿನದಿಂದ ಮಾರುವವರೆಗೆ ಸರಾಸರಿ 40 ದಿನ ಸ್ಟಾಕಿನಲ್ಲಿ ಕೂರುತ್ತದೆ ಎನ್ನಿ. ಮಾರಿದ ಮೇಲೆ ಗಿರಾಕಿ ಹಣ ಕೊಡಲು 45 ದಿನ. ನೀವು ಸಪ್ಲೈಯರ್‌ಗೆ 30 ದಿನದಲ್ಲಿ ಕೊಡಬೇಕು. 40ಕ್ಕೆ 45 ಕೂಡಿಸಿ 30 ಕಳೆಯಿರಿ. 55 ದಿನ ಬಂತು. ಅಂದರೆ ನಿಮ್ಮ ಕೈಯಿಂದ ಹೋದ ಹಣ ವಾಪಸು ಬರಲು 55 ದಿನ ಬೇಕು. ದಿನಕ್ಕೆ 100 ರೂಪಾಯಿಯಷ್ಟು ಸರಕು ತರುತ್ತಿದ್ದರೆ ಸುಮಾರು 5,500 ಯಾವಾಗಲೂ ಹೊರಗೇ ಇರುತ್ತದೆ. ವ್ಯಾಪಾರ ಎರಡು ಪಟ್ಟಾದರೆ ಅದು 11,000 ಆಗುತ್ತದೆ. ‘ಆರ್ಡರ್ ಜಾಸ್ತಿ ಆಗಿದೆ, ಆದರೆ ಸಂಬಳ ಕೊಡಲು ದುಡ್ಡಿಲ್ಲ’ ಎಂಬ ಗೋಳು ಹುಟ್ಟುವುದು ಇಲ್ಲಿಂದಲೇ. ಲಾಭದಲ್ಲಿರುವ ಉದ್ಯಮವೂ ಇದರಿಂದ ಮುಚ್ಚಿಹೋಗಬಹುದು.

ಈಗ ಸ್ಟಾಕ್ 30 ದಿನಕ್ಕೆ, ವಸೂಲಿ 30 ದಿನಕ್ಕೆ ಇಳಿಯಿತು ಎಂದುಕೊಳ್ಳಿ. ಹಣ ಹೋಗಿ ವಾಪಸು ಬರುವ ಈ ಚಕ್ರ 30 ದಿನಕ್ಕೆ ಬರುತ್ತದೆ. ಹೊರಗೆ ಸಿಕ್ಕಿಕೊಳ್ಳುವ ಹಣ 3,000 ಮಾತ್ರ. ಉಳಿದ 2,500 ಬಡ್ಡಿಯೂ ಇಲ್ಲದೆ, ಜಾಮೀನೂ ಇಲ್ಲದೆ ನಿಮ್ಮ ಕೈಗೆ ಬಂತು! ಸಾಲದ ಅರ್ಜಿ ಬರೆಯುವ ಮೊದಲು ಈ ಲೆಕ್ಕ ಹಾಕಿ ಎಂದು ನಾನು ಒತ್ತಿ ಹೇಳುವುದು ಇದಕ್ಕೇ.

3. ವ್ಯಾಪಾರ ಇಳಿದರೂ ಕಂತು ಕಟ್ಟಬಹುದೇ?

ವರ್ಷದಲ್ಲಿ ಉದ್ಯಮದಿಂದ ಉಳಿಯುವ ನಗದನ್ನು, ಆ ವರ್ಷ ಕಟ್ಟಬೇಕಾದ ಅಸಲು ಮತ್ತು ಬಡ್ಡಿಯ ಮೊತ್ತದಿಂದ ಭಾಗಿಸಿ. ಉತ್ತರ 1 ಬಂದರೆ ಉಳಿದದ್ದೆಲ್ಲ ಕಂತಿಗೇ ಹೋಗುತ್ತದೆ ಎಂದರ್ಥ. ಸಾಲ ಕೊಡುವ ಸಂಸ್ಥೆಗಳು ಸಾಮಾನ್ಯವಾಗಿ 1.2 ಅಥವಾ 1.25ರ ಆಸುಪಾಸು ಇರಲಿ ಎಂದು ಬಯಸುತ್ತವೆ.

ಆದರೆ ಆ ಅಂಕಿ ನೋಡಿ ಸುಮ್ನೆ ಕೂರಬೇಡಿ. ಒಂದು ಉದಾಹರಣೆ: ವರ್ಷದ ಮಾರಾಟ 1,000. ಅದರಲ್ಲಿ 600 ಸರಕಿನಂಥ, ಮಾರಾಟದ ಜೊತೆ ಏರಿಳಿಯುವ ಖರ್ಚು. ಬಾಡಿಗೆ, ಸಂಬಳದಂಥ ಕದಲದ ಖರ್ಚು 250. ಉಳಿದದ್ದು 150. ಕಂತು 120. ಅನುಪಾತ 1.25, ಎಲ್ಲ ಸರಿಯಾಗಿದೆ ಅನ್ನಿಸುತ್ತದೆ. (ಲೆಕ್ಕ ಸುಲಭವಾಗಲಿ ಎಂದು ತೆರಿಗೆ ಸೇರಿಸಿಲ್ಲ.) ಮಾರಾಟ ಶೇ 10ರಷ್ಟು ಮಾತ್ರ ಇಳಿಯಲಿ. 900ರಲ್ಲಿ ಸರಕಿಗೆ 540, ಕದಲದ ಖರ್ಚಿಗೆ ಅದೇ 250. ಉಳಿದದ್ದು 110. ಕಂತಿಗೆ 10 ಸಾಲದು. ಇಳಿದದ್ದು ಹತ್ತನೇ ಒಂದು ಪಾಲು ಮಾರಾಟ, ಹೋದದ್ದು ಉಳಿಕೆಯ ಕಾಲು ಭಾಗಕ್ಕಿಂತ ಜಾಸ್ತಿ. ಬಾಡಿಗೆ, ಸಂಬಳ ಹೆಚ್ಚಿರುವ ಉದ್ಯಮಗಳಲ್ಲಿ ಈ ಹೊಡೆತ ಇನ್ನೂ ಜೋರಾಗಿರುತ್ತದೆ.

ನಿಮ್ಮ ಅಂಕಿಗಳನ್ನು ಹಾಕಿ ಶೇ 10 ಮತ್ತು ಶೇ 20 ಇಳಿಕೆಗೆ ಲೆಕ್ಕ ಮಾಡಿ. ವರ್ಷದಲ್ಲಿ ವ್ಯಾಪಾರ ಮಂದವಾಗುವ ತಿಂಗಳುಗಳನ್ನು ಬೇರೆಯಾಗಿ ನೋಡಿ. ಕಂತು ಪ್ರತಿ ತಿಂಗಳೂ ಬರುತ್ತದೆ. ಆದಾಯ ಹಾಗೆ ಬರಬೇಕೆಂದಿಲ್ಲ, ಅಲ್ವಾ? ಮುಂದಿನ 13 ವಾರಗಳ ಹಣದ ಒಳಹರಿವು, ಹೊರಹರಿವನ್ನು ವಾರವಾರ ಬರೆದಿಡುವ ಪದ್ಧತಿ ಹಲವು ಕಡೆ ಇದೆ. ಮೂರು ತಿಂಗಳ ಚಿತ್ರ ಅದರಲ್ಲಿ ಸಿಗುತ್ತದೆ. ಯಾವ ವಾರ ಖಾತೆ ಬರಿದಾಗಲಿದೆ ಎಂದು ಮೊದಲೇ ತಿಳಿಯುತ್ತದೆ.

4. ಸಾಲವೋ, ಪಾಲುದಾರಿಕೆಯೋ?

ಇವೆರಡೂ ಬೇರೆ ಬೇರೆ ಉದ್ಯಮಗಳಿಗೆ ಹೊಂದುತ್ತವೆ. ವರ್ಷಕ್ಕೆ ಶೇ 10ರಂತೆ ಸ್ಥಿರವಾಗಿ ಬೆಳೆಯುವ, ಲಾಭದಲ್ಲಿರುವ ಉದ್ಯಮ ಸಾಲಕ್ಕೆ ಚೆನ್ನಾಗಿ ಒಪ್ಪುತ್ತದೆ. ವೇಗವಾಗಿ ಬೆಳೆಯಬಲ್ಲ ಹೊಸ ಕಂಪನಿಗಳಲ್ಲಿ ಪಾಲು ಪಡೆದು ಹಣ ಹಾಕುವ ವೆಂಚರ್ ಕ್ಯಾಪಿಟಲ್ ಹೂಡಿಕೆದಾರರಿಗೆ ಅದು ಸಾಲದು. ಅವರು ಹೂಡಿದ ಹಲವು ಕಂಪನಿಗಳು ಸೋಲುತ್ತವೆ. ಆ ನಷ್ಟ ತುಂಬಲು ಗೆದ್ದವು ಹಲವು ಪಟ್ಟು ಬೆಳೆಯಲೇಬೇಕು. ಕೆಲವು ವರ್ಷಗಳ ನಂತರ ತಮ್ಮ ಪಾಲು ಮಾರಿ ಹೊರಬರುವ ದಾರಿಯೂ ಅವರಿಗೆ ಬೇಕು. ನಿಮ್ಮ ಉದ್ಯಮವನ್ನು ಎಂದೂ ಮಾರುವ ಯೋಚನೆ ನಿಮಗಿಲ್ಲದಿದ್ದರೆ ಅವರ ಬಾಗಿಲು ತಟ್ಟುವುದರಿಂದ ಇಬ್ಬರ ಸಮಯವೂ ಹಾಳು.

ಉದ್ಯಮದ ಬೆಲೆ 400 ಎಂದು ಒಪ್ಪಿಕೊಂಡು ಯಾರೋ 100 ಹಾಕಿದರೆ ಒಟ್ಟು 500 ಆಗುತ್ತದೆ, ಅವರ ಪಾಲು ಶೇ 20. ಕಂತು ಕಟ್ಟುವ ಗೋಜಿಲ್ಲ, ಆದರೆ ದೊಡ್ಡ ನಿರ್ಧಾರಗಳಲ್ಲಿ ಅವರ ಮಾತೂ ನಡೆಯುತ್ತದೆ. ಸಾಲದಲ್ಲಿ ಮಾಲೀಕತ್ವ ನಿಮ್ಮದೇ. ಆದರೆ ವೈಯಕ್ತಿಕ ಜಾಮೀನಿಗೆ ಸಹಿ ಹಾಕಿದರೆ, ಕಂಪನಿಯ ಹೊಣೆ ಸೀಮಿತವಾಗಿದ್ದರೂ ನಿಮ್ಮ ಸ್ವಂತ ಆಸ್ತಿ ಅಪಾಯಕ್ಕೆ ಬೀಳಬಹುದು. ಈ ವಿಷಯವನ್ನು ಸಹಿಗೆ ಮೊದಲೇ ಮನೆಯವರ ಜೊತೆ ಮಾತಾಡಿ. ದಯವಿಟ್ಟು ಮುಂದೂಡಬೇಡಿ.

5. ಹೊರಗಿನವರ ಕಣ್ಣಿಂದ ನೋಡಿ

ಸಾಲ ಕೊಡುವವರು ಸಾಮಾನ್ಯವಾಗಿ ಐದು ಸಂಗತಿ ತೂಗುತ್ತಾರೆ: ಹಿಂದಿನ ಸಾಲ ತೀರಿಸಿದ ನಡವಳಿಕೆ, ಈಗಿನ ಮರುಪಾವತಿ ಶಕ್ತಿ, ನೀವೇ ಹಾಕಿರುವ ಬಂಡವಾಳ, ಅಡಮಾನ, ಮಾರುಕಟ್ಟೆಯ ಸ್ಥಿತಿ. ನಿಮ್ಮ ಕ್ರೆಡಿಟ್ ವರದಿಯನ್ನು (ನಿಮ್ಮ ಸಾಲ, ಮರುಪಾವತಿಗಳ ದಾಖಲೆ) ಮೊದಲೇ ತರಿಸಿ ಓದಿ. ತಪ್ಪು ನಮೂದು ಇದ್ದರೆ ತಿದ್ದಿಸಲು ಸಮಯ ಹಿಡಿಯುತ್ತದೆ. ತೆರಿಗೆ ರಿಟರ್ನ್‌ನಲ್ಲಿ ಒಂದು ಅಂಕಿ, ಅರ್ಜಿಯಲ್ಲಿ ಇನ್ನೊಂದು ಅಂಕಿ ಇದ್ದರೆ ಮಾತುಕತೆ ಅಲ್ಲಿಗೇ ನಿಲ್ಲಬಹುದು.

ಕಾಗದದಲ್ಲಿ ಕಾಣದ ಎರಡು ಅಪಾಯಗಳಿವೆ. ಒಬ್ಬನೇ ಗಿರಾಕಿಯಿಂದ ಮಾರಾಟದ ದೊಡ್ಡ ಪಾಲು ಬರುತ್ತಿದ್ದರೆ, ಅವನು ಬಿಟ್ಟುಹೋದ ದಿನ ಮೇಲಿನ ಲೆಕ್ಕವೆಲ್ಲ ಬುಡಮೇಲು. ಎರಡನೆಯದು ನೀವೇ. ಎರಡು ವಾರ ನೀವು ಬಾರದಿದ್ದರೆ ಕೆಲಸ ನಿಲ್ಲುತ್ತದೆಯೇ? ಬೆಲೆ, ಸಪ್ಲೈಯರ್, ಪಾಸ್‌ವರ್ಡ್ ಎಲ್ಲ ನಿಮ್ಮ ತಲೆಯಲ್ಲೇ ಇದ್ದರೆ ಬರೆದಿಡಲು ಶುರುಮಾಡಿ.

6. ಎಷ್ಟು, ಯಾವುದಕ್ಕೆ, ಯಾವಾಗ?

‘ಎಷ್ಟು ಸಿಗುತ್ತದೋ ಅಷ್ಟು’ ಎಂಬ ಉತ್ತರ ಕೇಳಿದ ಕೂಡಲೇ ಎದುರಿಗಿದ್ದವರ ನಂಬಿಕೆ ಕುಸಿಯುತ್ತದೆ. ಯಂತ್ರಕ್ಕೆ ಇಷ್ಟು, ಅದನ್ನು ಕೂರಿಸಲು ಇಷ್ಟು, ಅದರಿಂದ ಆದಾಯ ಬರುವವರೆಗೆ ಕೈಖರ್ಚಿಗೆ ಇಷ್ಟು ಎಂದು ಬಿಡಿಸಿ ಬರೆಯಿರಿ. ವರ್ಷಗಟ್ಟಲೆ ಬಾಳುವ ವಸ್ತುವಿಗೆ ದೀರ್ಘಾವಧಿ ಸಾಲ, ಕೆಲವೇ ವಾರದಲ್ಲಿ ಮಾರಿಹೋಗುವ ಸ್ಟಾಕಿಗೆ ಅಲ್ಪಾವಧಿ ಸಾಲ. ಇದು ತಿರುವುಮುರುವಾದರೆ ಯಂತ್ರ ಇನ್ನೂ ದುಡಿದು ಕೊಡುವ ಮೊದಲೇ ಸಾಲದ ಗಡುವು ಬಂದು ನಿಲ್ಲುತ್ತದೆ.

ಖಾತೆಯಲ್ಲಿ ಇನ್ನೂ ಹಣ ಇರುವಾಗಲೇ ಕೇಳಲು ಹೊರಡಿ. ಬ್ಯಾಂಕಿನ ಪರಿಶೀಲನೆಗೆ ವಾರಗಳು ಹಿಡಿಯುತ್ತವೆ, ಹೂಡಿಕೆದಾರರ ಜೊತೆಗಿನ ಮಾತುಕತೆ ತಿಂಗಳುಗಟ್ಟಲೆ ಎಳೆಯಬಹುದು. ಕೈ ಖಾಲಿಯಾದ ಮೇಲೆ ಹೋದರೆ ಅವರು ಹೇಳಿದ್ದೇ ಷರತ್ತು.

ಇನ್ನೂ ಸಿದ್ಧವಿಲ್ಲ ಅನ್ನಿಸಿದರೆ

ಮೂರು ತಿಂಗಳು ಅರ್ಜಿ ಪಕ್ಕಕ್ಕಿಟ್ಟು ಎರಡನೇ ಹಂತದ ದಿನಗಳನ್ನು ಇಳಿಸಲು ದುಡಿಯಿರಿ. ಸರಕು ಕಳುಹಿಸಿದ ದಿನವೇ ಬಿಲ್ ಹೋಗಲಿ. ಗಡುವಿಗೆ ಮೊದಲೇ ಗಿರಾಕಿಗೆ ನೆನಪಿಸಿ. ಕದಲದ ಸ್ಟಾಕನ್ನು ಕಡಿಮೆ ಬೆಲೆಗಾದರೂ ಮಾರಿಬಿಡಿ. ಸಪ್ಲೈಯರ್ ಹತ್ತಿರ ಹೆಚ್ಚು ದಿನದ ಗಡುವು ಕೇಳಿ ನೋಡಿ.

ಬೇಗ ಹಣ ಕೊಟ್ಟವರಿಗೆ ರಿಯಾಯಿತಿ ಕೊಡುವಾಗ ಮಾತ್ರ ಎಚ್ಚರ. 30 ದಿನದ ಬದಲು 10 ದಿನದಲ್ಲಿ ಕೊಟ್ಟರೆ ಶೇ 2 ಬಿಡುತ್ತೇನೆ ಎನ್ನುವುದು ಸಣ್ಣದಾಗಿ ಕಾಣುತ್ತದೆ. 20 ದಿನ ಮೊದಲು ಹಣ ಪಡೆಯಲು ಶೇ 2 ಬಿಟ್ಟರೆ, ವರ್ಷದ ಲೆಕ್ಕದಲ್ಲಿ ಅದು ಸುಮಾರು ಶೇ 37ರ ಬಡ್ಡಿಗೆ ಸಮ. ಅದಕ್ಕಿಂತ ಮಾಮೂಲಿ ಸಾಲವೇ ಅಗ್ಗವಾಗಬಹುದು. ರಿಯಾಯಿತಿ ಕೊಡುವ ಬದಲು ದೊಡ್ಡ ಆರ್ಡರ್‌ಗಳಿಗೆ ಮುಂಗಡ ಕೇಳುವುದರಿಂದ ಶುರುಮಾಡಿ.